ಟ್ಯೂನಾ ಪಾನಕ

ಸ್ಪ್ಯಾನಿಷಿನ ಗಿಡಮರಗಳ ಹೆಸರು ಇಂಗ್ಲಿಷಿಗೆ ಬಂದಾಗಲೆಲ್ಲ ಮತ್ತೆ ಅದೇ ಕಥೆ! ಮೆಕ್ಸಿಕೋದ ‘ಆಗ್ವಾ ದೆ ತೂನಾ’ ಇಂಗ್ಲಿಷ್ ಮೆನುವಿನಲ್ಲಿ ‘ಟ್ಯೂನಾ ವಾಟರ್’ ಆಗಿ ಕೂತಿದೆ. ಬಾಯಾರಿ ಬಂದವರಿಗೆ ಮೀನು ತೊಳೆದ ನೀರು!

ಅಲ್ಲಿನ ತೂನಾ ಎಂದರೆ ಪಾಪಾಸುಕಳ್ಳಿಯ ಹಣ್ಣು. ಮೀನಿಗೆ ಸ್ಪ್ಯಾನಿಷಿನಲ್ಲಿ ‘ಅತೂನ್’ ಅನ್ನುತ್ತಾರೆ. ‘ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಸಿಪ್ಪೆ ಬಿಚ್ಚಿ, ಬೀಜ ಸೋಸಿ, ಸಕ್ಕರೆ, ನಿಂಬೆರಸ ಬೆರೆಸಿ’ ಎಂದು ಪಾನಕ ಮಾಡುವ ವಿಧಾನ ಮುಂದುವರಿದರೂ ಅನುವಾದಿಸಿದ ಪುಣ್ಯಾತ್ಮನಿಗೆ ಅನುಮಾನ ಬಂದಿಲ್ಲ. ಬೀಜವಿರುವ ಮೀನು ಯಾವ ಸಮುದ್ರದ್ದಪ್ಪಾ? ಹಣ್ಣಿಗೂ ಮುಳ್ಳು, ಮೀನಿಗೂ ಮುಳ್ಳು, ಅಲ್ಲಿಗೆ ಲೆಕ್ಕ ಚುಕ್ತಾ ಅಂದುಕೊಂಡಿರಬೇಕು. ಸರಿ, ಇಂಗ್ಲಿಷಿನವರ ‘ಪ್ರಿಕ್ಲಿ ಪೇರ್’ ಎಂದು ತಿದ್ದೋಣ ಅಂದರೆ ಅದು ಪೇರ್ ಹಣ್ಣೂ ಅಲ್ಲ. ಸ್ಪೇನಿನವರಂತೂ ಇದನ್ನೇ ‘ಇಗೊ ಚುಂಬೊ’ ಎಂದು ಅಂಜೂರದ ಸಾಲಿಗೆ ಸೇರಿಸಿದ್ದಾರೆ.

‘ರೋಬ್ಲೆ’ ಎಂಬ ಮರದ ಹೆಸರು ಇನ್ನೂ ಕಿತಾಪತಿ. ಸ್ಪೇನಿನಲ್ಲಿ ಓಕ್, ಚಿಲಿಯಲ್ಲಿ ನೋಥೋಫಾಗಸ್ ಎಂಬ ಬೇರೆಯೇ ಮರ. ಕೋಸ್ಟರಿಕಾದ ‘ರೋಬ್ಲೆ ದೆ ಸಬಾನಾ’ವನ್ನು ‘ಸವನ್ನಾ ಓಕ್’ ಎಂದು ಬರೆದು ಕೈತೊಳೆದುಕೊಂಡರೆ, ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಹೂ ಸುರಿಸುವ ಟಬೆಬುಯಾ ರೋಸಿಯಾ ರಾತ್ರೋರಾತ್ರಿ ಓಕ್ ಆಗಿಬಿಡುತ್ತದೆ.

ಹಾಗಾಗಿ ಮೊದಲು ಯಾವ ದೇಶದ ಬರಹ ಎಂದು ನೋಡಬೇಕು. ಆಮೇಲೆ ಆ ಗಿಡವನ್ನು ತಿನ್ನುತ್ತಾರೋ, ಮಂಚ ಮಾಡುತ್ತಾರೋ, ಹತ್ತಿರವೇ ಹೋಗುವುದಿಲ್ಲವೋ ಎಂಬುದನ್ನು. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರು ಖಚಿತವಾದ ಮೇಲಷ್ಟೇ ಇಂಗ್ಲಿಷು. ಊರಿನ ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಲ್ಯಾಟಿನ್ ಕೊಟ್ಟರೆ ಯಾರಿಗೂ ನಷ್ಟವಿಲ್ಲ.

ಆದರೆ ಅನುವಾದ ಮಾಡಿಸುವ ಗಿರಾಕಿ ಬಿಡಬೇಕಲ್ಲ! ‘ಲ್ಯಾಟಿನ್ ಗೀಟಿನ್ ಬೇಡ, ಒಂದೇ ಪದ ಸಾಕು’ ಅನ್ನುತ್ತಾರೆ. ಸ್ವಾಮಿ, ‘ಮಂಜನಿಯಾ’ ಸ್ಪೇನಿನಲ್ಲಿ ಕ್ಯಾಮೊಮೈಲ್ ಎಂಬ ಹೂಗಿಡ, ಕುದಿಸಿ ಕುಡಿಯಬಹುದು. ಕೊನೆಯ ಅಕ್ಷರ ಬದಲಾಗಿ ‘ಮಂಜನಿಯೊ’ ಆಯಿತೋ, ಕೆರಿಬಿಯನ್ ತೀರದ ಮರ. ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಎರಡೂ ಹೆಸರಿನ ಮೂಲದಲ್ಲಿರುವುದು ಪುಟ್ಟ ಸೇಬು. ‘ಲಿಟಲ್ ಆಪಲ್ ಟೀ’ ಎಂದು ಹಾಕಿಬಿಡೋಣವೇ?

ಹೊಟ್ಟೆ ಉರಿಯುವುದು ‘ಗ್ವಾಮೂಚಿಲ್’ ಗತಿ ನೋಡಿದಾಗ. ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದ ಹೆಸರು, ಮೆಕ್ಸಿಕೋದ ಮಣ್ಣಿನ ಮರ. ಇಂಗ್ಲಿಷಿನಲ್ಲಿ ಒಬ್ಬರಿಗೆ ಮನಿಲಾ ಟ್ಯಾಮರಿಂಡ್, ಇನ್ನೊಬ್ಬರಿಗೆ ಮದ್ರಾಸ್ ಥಾರ್ನ್. ಹುಟ್ಟೂರಿನ ಸುಳಿವೇ ಇಲ್ಲ. ನಾವೇನು ಕಡಿಮೆಯೇ? ಸೀಮೆಹುಣಸೆ ಅಂದು, ಸುರುಳಿ ಕಾಯಿ ಬಿಡಿಸಿ, ಒಗರು ತಿರುಳು ಚೀಪಿ, ಯಾವ ಸೀಮೆಯದು ಎಂದು ಒಮ್ಮೆಯೂ ಕೇಳದೆ ಕರಿ ಬೀಜ ಉಗಿದವರು.