ಕೊನೆಯ ಸ್ಲೈಡ್‌ವರೆಗೆ ಯಾರು ಕಾಯುತ್ತಾರೆ?

ಮೀಟಿಂಗ್‌ನಲ್ಲಿ ಯಾರಾದರೂ "ಒಟ್ಟು ಖರ್ಚು ಎಷ್ಟಾಗುತ್ತದೆ?" ಎಂದು ಕೇಳಿದರೆ, "ಅದು ಮುಂದೆ ಬರುತ್ತದೆ ಸರ್" ಎನ್ನುವವರನ್ನು ಕಂಡು ನನಗೆ ಕನಿಕರವೂ ಆಗುತ್ತದೆ, ಸಿಟ್ಟೂ ಬರುತ್ತದೆ. ಉತ್ತರ ಗೊತ್ತಿದೆ, ಆದರೆ ಸ್ಲೈಡ್‌ಗಳ ಸರದಿ ತಪ್ಪಬಾರದಂತೆ! ಕಂಪನಿಯ ಇತಿಹಾಸ, ತಂಡದ ಪರಿಚಯ, ಮಾರುಕಟ್ಟೆಯ ವಿವರ ಎಲ್ಲ ಮುಗಿದು ಅಸಲು ವಿಷಯ ಬರುವ ಹೊತ್ತಿಗೆ, ನಿರ್ಧರಿಸಬೇಕಾದವರು ಎದ್ದು ಇನ್ನೊಂದು ಮೀಟಿಂಗ್‌ಗೆ ಹೋಗಿರುತ್ತಾರೆ.

ಗುಟ್ಟನ್ನು ಕೊನೆಯವರೆಗೆ ಕಾಯ್ದಿಡುವುದು ಪತ್ತೇದಾರಿ ಕಾದಂಬರಿಕಾರರ ಕೆಲಸ. ಹಣ ಅಥವಾ ಒಪ್ಪಿಗೆ ಕೇಳಲು ನಿಂತವರು ಮೊದಲ ನಿಮಿಷದಲ್ಲೇ ಬಾಯಿಬಿಡಬೇಕು: ಇಂಥ ಕೆಲಸಕ್ಕೆ, ಇಷ್ಟು ಹಣ, ಇಂಥ ದಿನದೊಳಗೆ. ಕಾರಣಗಳು ಆಮೇಲೆ.

ಮುಖ್ಯ ಮಾತು ಅಡಿಗೆ ಬಿದ್ದರೆ ಏನಾಗಬಹುದು? 2003ರ ಜನವರಿಯಲ್ಲಿ ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಉಡಾವಣೆಯಾಗುವಾಗ ಇಂಧನ ಟ್ಯಾಂಕ್‌ನ ಹೊದಿಕೆಯ ಫೋಮ್ ತುಂಡೊಂದು ಕಳಚಿ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರ್‌ಗಳು ಹಾನಿಯ ಅಂದಾಜನ್ನು ಸ್ಲೈಡ್‌ಗಳಲ್ಲಿ ಮಂಡಿಸಿದರು. ಅದರಲ್ಲೊಂದರ ಶೀರ್ಷಿಕೆ ಭರವಸೆ ತುಂಬುವಂತಿತ್ತು. ಆದರೆ ಅದೇ ಸ್ಲೈಡ್‌ನ ತಳದಲ್ಲಿ, ಉಪ-ಉಪಾಂಶವಾಗಿ ಕುಳಿತಿದ್ದ ಸಾಲು ಬೇರೆಯದೇ ಹೇಳುತ್ತಿತ್ತು: ಪರೀಕ್ಷೆಗೆ ಬಳಸಿದ್ದ ತುಂಡಿನ ಗಾತ್ರ 3 ಘನ ಅಂಗುಲ, ಬಡಿದ ತುಂಡಿನ ಅಂದಾಜು 1,920. ಅಂದರೆ 640 ಪಟ್ಟು! ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮಡಿದರು. ಸ್ಲೈಡ್‌ನಿಂದಲೇ ದುರಂತವಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡ್ ಬಳಸುವ ರೂಢಿಯನ್ನು ತನಿಖಾ ಮಂಡಳಿ ಟೀಕಿಸಿತು.

ನಮ್ಮ ಕಚೇರಿಗಳ ರೋಗವೂ ಅದೇ. ಓದುವ ವರದಿ, ತೋರಿಸುವ ಚಿತ್ರ ಎರಡನ್ನೂ ಒಂದೇ ಕಡತದಲ್ಲಿ ತುರುಕುತ್ತೇವೆ. ಹಾಗಾದಾಗ ಅದು ಓದಲು ಸಾಲದು, ನೋಡಲು ಹೆಚ್ಚು. ಮಾತನಾಡುವವರು ಪರದೆಯತ್ತ ತಿರುಗಿ ಅಲ್ಲಿರುವುದನ್ನೇ ಗಟ್ಟಿಯಾಗಿ ಓದುತ್ತಾರೆ. ಕೇಳುವವರು ಅಷ್ಟರಲ್ಲಿ ಓದಿ ಮುಗಿಸಿ ಮೊಬೈಲ್ ತೆರೆದಿರುತ್ತಾರೆ. ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟನ್ನೇ ಹೊರಹಾಕಿದರು. ಆರು ಪುಟದ ಬರಹವನ್ನು ಎಲ್ಲರೂ ಮೌನವಾಗಿ ಓದಿದ ಮೇಲೆಯೇ ಚರ್ಚೆ. ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ವಿವರಗಳನ್ನು ಹಿಂದಿನ ದಿನವೇ ಕಳಿಸಿ, ಪರದೆಯ ಮೇಲೆ ವಾದಕ್ಕೆ ಬೇಕಾದ ನಕ್ಷೆ, ಅಂಕಿಗಳನ್ನಷ್ಟೇ ಉಳಿಸಿಕೊಂಡರೆ ಸಾಕು.

ತರಬೇತಿ ಶಿಬಿರಗಳಲ್ಲಿ ಹೇಳುವ "ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7 ಮಾತ್ರ" ಎಂಬುದನ್ನು ದಯವಿಟ್ಟು ನಂಬಬೇಡಿ. ಆ ಅಂಕಿಯ ಮೂಲವಾದ, 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಪ್ರಕಟಿಸಿದ ಪ್ರಯೋಗಗಳು ಭಾವನೆಯನ್ನು, ಅಂದರೆ ಇಷ್ಟ-ಅನಿಷ್ಟವನ್ನು, ದನಿ ಮತ್ತು ಮುಖದಿಂದ ಹೇಗೆ ಗುರುತಿಸುತ್ತೇವೆ ಎಂಬುದಕ್ಕೆ ಸಂಬಂಧಿಸಿದವು. ಬಜೆಟ್ ಮಂಡನೆಗೂ ಅದಕ್ಕೂ ಸಂಬಂಧವಿಲ್ಲ. ಕೈ ಎಲ್ಲಿಡಬೇಕೆಂದು ತಲೆಕೆಡಿಸಿಕೊಳ್ಳುವ ಸಮಯವನ್ನು, ಬರಬಹುದಾದ ಕಠಿಣ ಪ್ರಶ್ನೆಗಳಿಗೆ ಉತ್ತರ ಹೊಂದಿಸಲು ಕೊಡಿ.

ಅರ್ಧ ಗಂಟೆಯ ಸಮಯ ಹತ್ತು ನಿಮಿಷಕ್ಕೆ ಇಳಿಯುವುದು ಮಾಮೂಲು. ಆಗ ವೇಗವಾಗಿ ಮಾತನಾಡುವುದು ಶುದ್ಧ ಹಿಂಸೆ. ಏನನ್ನು ಬಿಡಬೇಕೆಂಬುದು ಮೊದಲೇ ಗೊತ್ತಿರಲಿ. ಇನ್ನೊಂದು ವಿಷಯ: ಮೂರನೆಯ ಸ್ಲೈಡ್‌ಗೇ "ಸರಿ, ಮುಂದುವರಿಯಿರಿ" ಎಂದು ಒಪ್ಪಿಗೆ ಸಿಕ್ಕರೆ ಧನ್ಯವಾದ ಹೇಳಿ ಲ್ಯಾಪ್‌ಟಾಪ್ ಮುಚ್ಚಿಬಿಡಿ. ಉಳಿದದ್ದನ್ನೂ ತೋರಿಸಲು ಹೋಗಿ, ಇಲ್ಲದ ಅನುಮಾನ ಹುಟ್ಟಿಸಿ, ಸಿಕ್ಕ ಒಪ್ಪಿಗೆಯನ್ನೂ ಕಳೆದುಕೊಂಡವರಿದ್ದಾರೆ.