ಇಪ್ಪತ್ತು ಕೆಜಿ ಅಂದರೆ ಎಷ್ಟು ಕೆಜಿ?

ಹೋದ ಮಂಗಳವಾರ ನಾನು ಜಿಮ್‌ನಲ್ಲಿ 100 ಕೆಜಿ ಡೆಡ್‌ಲಿಫ್ಟ್ ಮಾಡಿದೆ, ಅಂದರೆ ನೆಲದ ಮೇಲಿದ್ದ ರಾಡನ್ನು ಹಿಡಿದು ನೆಟ್ಟಗೆ ಎದ್ದು ನಿಂತೆ. 20 ಕೆಜಿಯ ರಾಡ್, ಆ ಕಡೆ ಎರಡು, ಈ ಕಡೆ ಎರಡು, ಒಟ್ಟು ನಾಲ್ಕು 20ರ ಪ್ಲೇಟ್. ಮನೆಗೆ ಹೋಗುವಾಗ ಮೈಸೂರುಪಾಕ್ ಕೂಡ ಒಯ್ದೆ. ಇವತ್ತು ಬೆಳಿಗ್ಗೆ ಅದೇ 100 ಕೆಜಿ ಪೂರ್ತಿ ಮೇಲೇಳಲಿಲ್ಲ. ಎದ್ದಷ್ಟೂ ಎಡಗಡೆಗೆ ವಾಲಿತು. ಕೋಚ್ ಎಂದಿನಂತೆ, "ನಿದ್ದೆ ಸರಿ ಆಗಿಲ್ಲ ಸರ್" ಅಂದ. ಅವನ ಪ್ರಕಾರ ಸೊಂಟ ಉಳುಕಿದರೂ ನಿದ್ದೆಯೇ ಕಾರಣ.

ನನ್ನ ಅನುಮಾನ ಮಾತ್ರ ನಮ್ಮ ಜಿಮ್‌ನ ಒಬ್ಬ ಹಳೇ ಗಿರಾಕಿಯ ಮೇಲೆ ಹೋಯಿತು. ಈ ಮನುಷ್ಯ ಆರು ಗಂಟೆಗೆ ಬಂದವನೇ ಪ್ಲೇಟುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾನೆ, ಸಂತೆಯಲ್ಲಿ ತೆಂಗಿನಕಾಯಿ ಆರಿಸುವ ಹಾಗೆ. ಬಣ್ಣ ಕಿತ್ತುಹೋದ ಎರಡೇ ಎರಡು ಅವನಿಗೆ ಬೇಕು. ಸಿಕ್ಕ ತಕ್ಷಣ ಮೇಲೊಂದು ಟವೆಲ್. ಬಸ್ಸಿನ ಸೀಟು ಹಿಡಿದಂತೆ. ಆಮೇಲೆ ನೀರು ಕುಡಿಯುತ್ತಾನೆ, ಫೋನಿನಲ್ಲಿ ಮಾತಾಡುತ್ತಾನೆ, ರಾಜಕೀಯ ಮುಗಿಸುತ್ತಾನೆ. ಟವೆಲ್ ಅಲ್ಲೇ. ಒಮ್ಮೆ ಅದನ್ನು ಸರಿಸಲು ಹೋದಾಗ, "ಬೇಡಿ ಸರ್, ಅವು ನನಗೆ ಆಗಿಬರ್ತವೆ" ಅಂದಿದ್ದ. ಪಾಪ, ನಂಬಿಕೆ ಅಂದುಕೊಂಡಿದ್ದೆ. ಹೋದ ವಾರ ಅವನು ಧರ್ಮಸ್ಥಳಕ್ಕೆ ಹೋಗಿದ್ದ ಅನ್ನೋದು ಇವತ್ತು ನೆನಪಾಯಿತು.

ಜಿಮ್‌ನಲ್ಲೂ ತೂಕದ ಯಂತ್ರ ಇದೆ. ಆದರೆ ಅದು ಹೊಸದಾಗಿ ಸೇರಿದವರನ್ನೆಲ್ಲ ಒಂದೇ ವಾರದಲ್ಲಿ ಎರಡು ಕೆಜಿ ಇಳಿಸುತ್ತೆ. ಹಾಗಾಗಿ ಜಿಮ್‌ನಲ್ಲಿರುವ 20ರ ಆರೂ ಪ್ಲೇಟನ್ನು ಒಂದೊಂದೇ ಹೊತ್ತು ಕೆಳಗಿನ ಅಕ್ಕಿ ಅಂಗಡಿಗೆ ಇಳಿಸಿದೆ. ಇವತ್ತಿನ ನಿಜವಾದ ವ್ಯಾಯಾಮ ಅದೇ. ಅಂಗಡಿಯವರು ಓದಿದರು: 18.4, 18.6, 19.3, 19.6, 20.9, 21.3. ಬಣ್ಣ ಕಿತ್ತ ಜೋಡಿ ಯಾವುದು ಅಂತ ಹೇಳಬೇಕಾ?

"ಎಷ್ಟು ಅಂತ ಕೊಟ್ರು ನಿಮಗೆ? ಇಪ್ಪತ್ತಾ? ವಾಪಸ್ ಕೊಟ್ಬಿಡಿ ಸಾರ್" ಅಂದರು. "ನಾನು ಅಕ್ಕೀಲಿ ಹಿಂಗೆ ಮಾಡಿದ್ರೆ ನೀವೇ ಇಲಾಖೆಯವರನ್ನ ಕರೀತಿದ್ರಿ." ಅವರ ತಕ್ಕಡಿಗೆ ಸರ್ಕಾರದ ಮುದ್ರೆ ಇದೆ. ನಮ್ಮ ಪ್ಲೇಟಿನ ಮೇಲೆ 20 ಅನ್ನೋ ಅಂಕಿ ಇದೆ, ಅಷ್ಟೇ. ಕರಗಿದ ಕಬ್ಬಿಣ ಮರಳಿನ ಅಚ್ಚಿಗೆ ಹೊಯ್ದು, ಆರಿದ ಮೇಲೆ ಬಣ್ಣ ಬಳಿದರೆ ಮುಗೀತು. ಪವರ್‌ಲಿಫ್ಟಿಂಗ್ ಸ್ಪರ್ಧೆಯ 20ರ ಪ್ಲೇಟಿನಲ್ಲಿ 50 ಗ್ರಾಂಗಿಂತ ಜಾಸ್ತಿ ಏರುಪೇರು ಇರುವಂತಿಲ್ಲ. ನಮ್ಮಲ್ಲಿ ಏರುಪೇರು ಒಂದೂವರೆ ಕೆಜಿ. ಎತ್ತಲಾಗದೆ ಹೋದರೆ, ನಿದ್ದೆ ಸರಿ ಆಗಿಲ್ಲ.

ಮೆಟ್ಟಿಲ ಮೇಲೇ ಕೂತು ಲೆಕ್ಕ ಹಾಕಿದೆ. ಹೋದ ಮಂಗಳವಾರ ನನ್ನ ಕೈಗೆ ಸಿಕ್ಕಿದ್ದು ಹಗುರದ ನಾಲ್ಕು: ರಾಡ್ ಸೇರಿ 95.9. ಇವತ್ತು ಟವೆಲ್ ಬಿಟ್ಟು ಉಳಿದ ನಾಲ್ಕು: 101.1. ಅದರಲ್ಲೂ ಭಾರದ ಎರಡನ್ನೂ ಎಡಗಡೆಗೇ ಹಾಕಿದ್ದೆ. ಅಂದರೆ ನಾನು ಇದುವರೆಗೆ 100 ಎತ್ತಿಯೇ ಇಲ್ಲ. ಮೈಸೂರುಪಾಕ್ ಮಾತ್ರ ಪೂರ್ತಿ ಅರ್ಧ ಕೆಜಿ ಇತ್ತು.

ನಮ್ಮೂರಿನ ಹನುಮಪ್ಪನ ಗುಡಿ ಮುಂದೆ ಒಂದು ಗುಂಡುಕಲ್ಲಿತ್ತು. ಹಬ್ಬದ ದಿನ ಹುಡುಗರು ಅದನ್ನು ಹೆಗಲಿಗೆ ಏರಿಸುತ್ತಿದ್ದರು. ಅದು ಎಷ್ಟು ಕೆಜಿ ಅಂತ ಯಾರೂ ಕೇಳಿದ್ದು ನೆನಪಿಲ್ಲ. ನಮ್ಮಜ್ಜ ಎತ್ತಿದ್ದರಂತೆ, ಅಪ್ಪನ ಕೈಲಿ ಆಗಲಿಲ್ಲವಂತೆ. ಇಬ್ಬರೂ ಹೆಣಗಿದ್ದು ಅದೇ ಕಲ್ಲಿನ ಜೊತೆ. ರಸ್ತೆ ಅಗಲ ಮಾಡುವಾಗ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ.

ನಾಳೆ ಐದೂಮುಕ್ಕಾಲಿಗೇ ಹೋಗುತ್ತೇನೆ. ಟವೆಲ್ ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.