ಒಂದು ಚದರಡಿ ಜಾಗ ಕೊಂಡರೆ ‘ಲಾರ್ಡ್’ ಆಗಬಹುದೇ?

ಸ್ಕಾಟ್ಲೆಂಡಿನಲ್ಲಿ ಒಂದು ಚದರಡಿ ಜಾಗ ಕೊಂಡರೆ ಕಾನೂನುಬದ್ಧವಾಗಿ ‘ಲಾರ್ಡ್’ ಆಗಬಹುದು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಇದು ನಿಜವಲ್ಲ.

ಅಲ್ಲಿ ದೊಡ್ಡ ಎಸ್ಟೇಟಿನ ಒಡೆಯರನ್ನು ‘ಲೇರ್ಡ್’ ಎನ್ನುವ ರೂಢಿಯಿದೆ, ನಮ್ಮಲ್ಲಿ ‘ಜಮೀನ್ದಾರರು’ ಅಂದಂತೆ. ಅದು ಪದವಿಯಲ್ಲ. ನೆನಪಿನ ಕಾಣಿಕೆಯಾಗಿ ಮಾರುವ ಇಂಥ ತುಣುಕುಗಳನ್ನು ಅಲ್ಲಿನ ಭೂ ನೋಂದಣಿಯಲ್ಲಿ ದಾಖಲಿಸುವುದೂ ಇಲ್ಲ. ಉಡುಗೊರೆಯೆಂದು ಕೊಂಡರೆ ತಪ್ಪೇನಿಲ್ಲ. ಪದವಿಯೆಂದು ನಂಬಿ ಹಣ ಕಟ್ಟಬಾರದು, ಅಷ್ಟೇ.

ನಿಜವಾದ ವಂಶಪಾರಂಪರ್ಯ ಪದವಿ ಸಾಮಾನ್ಯವಾಗಿ ಹುಟ್ಟುವುದು ರಾಜಸನ್ನದಿನಿಂದ. ಅದು ಮುಂದೆ ಯಾರಿಗೆ ಹೋಗಬೇಕೆಂದು ಸನ್ನದೇ ಹೇಳುತ್ತದೆ, ಹೆಚ್ಚಾಗಿ ಹಿರಿಯ ಮಗನಿಗೆ. ಮಾರುವಂತಿಲ್ಲ, ಉಯಿಲಿನಲ್ಲಿ ಬರೆದುಕೊಡುವಂತಿಲ್ಲ. ಮಗನಾದರೂ ಹಕ್ಕನ್ನು ಸಾಬೀತುಪಡಿಸಬೇಕು. 1919ರಲ್ಲಿ ಬಂಗಾಳದ ವಕೀಲರೊಬ್ಬರಿಗೆ ಬ್ಯಾರನ್ (ಲಾರ್ಡ್‌ಗಳಲ್ಲೇ ಒಂದು ದರ್ಜೆ) ಪದವಿ ಸಿಕ್ಕಿತು. 1928ರಲ್ಲಿ ಅವರು ತೀರಿಕೊಂಡಾಗ ಹಿಂದೂ ವಿವಾಹದಿಂದ ಹುಟ್ಟಿದ ಮಗನಿಗೆ ಪದವಿ ಸಲ್ಲುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಮಗನಿಗೆ ಮನ್ನಣೆ ಸಿಕ್ಕಿದ್ದು 1939ರಲ್ಲಿ!

ಯಾರಾದರೂ ಪದವಿ ಹೇಳಿಕೊಂಡರೆ ನೀವೇ ಪರೀಕ್ಷಿಸಬಹುದು. ಲಾರ್ಡ್ ಮುಂತಾದ ಪದವಿ ಇರುವವರ ಬ್ರಿಟನ್ನಿನ ಅಧಿಕೃತ ಪಟ್ಟಿ ‘ರೋಲ್ ಆಫ್ ದ ಪಿಯರೇಜ್’ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಹೆಸರಿಲ್ಲದವರನ್ನು ಸರ್ಕಾರಿ ದಾಖಲೆಗಳಲ್ಲಿ ಆ ಪದವಿಯಿಂದ ಕರೆಯುವುದಿಲ್ಲ. ಜಾಗ ಮಾರುವವರ ಷರತ್ತುಗಳನ್ನೂ ಕೊನೆಯ ಸಾಲಿನವರೆಗೆ ಓದಿ.